ಮೂರು ವರ್ಷದ ಪದವಿ, ಆರು ವರ್ಷದ ಓದು

ತನ್ನ ಮೇಲೆ ತಾನು ತಾಳ್ಮೆ ಇಟ್ಟುಕೊಳ್ಳುವುದು ದೀರ್ಘಕಾಲದ ಗುರಿಯೊಂದನ್ನು ಹಿಡಿದವರಿಗೆ ಬೇಕಾದ ಮೊದಲ ಕಸುಬು. ಗಿರಾಕಿಗಳ ಎದುರು, ಮಾಲಕರ ಎದುರು, ಮನೆಯ ಮಕ್ಕಳ ಎದುರು ಸಹನೆಯಿಂದ ಇರುವವರೂ ತಮ್ಮ ಒಂದು ಸೋಲಿಗೆ ತಮ್ಮನ್ನು ತಿಂಗಳುಗಟ್ಟಲೆ ಬೈದುಕೊಳ್ಳುತ್ತಾರೆ. ಈ ತಾಳ್ಮೆಯಲ್ಲಿ ಎರಡು ಭಾಗಗಳಿವೆ: ಗುರಿಗೆ ತಗಲುವ ಕಾಲವನ್ನು ತಾನು ಬದುಕುತ್ತಿರುವ ಬದುಕಿಗೆ ಹೊಂದಿಸಿ ಲೆಕ್ಕ ಹಾಕುವುದು; ಕೆಲಸ ತಪ್ಪಿಹೋದಾಗ ಶಿಕ್ಷೆ ಕೊಟ್ಟುಕೊಳ್ಳದೆ ಮತ್ತೆ ಶುರುಮಾಡುವುದು.

ಮುಂಬಯಿಯ ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಕರಾವಳಿಯಿಂದ ಎಳೆಯ ವಯಸ್ಸಿನಲ್ಲಿ ಹೋಟೆಲು, ಕ್ಯಾಂಟೀನುಗಳ ಕೆಲಸಕ್ಕೆ ಬಂದ ಹುಡುಗರಿಗಾಗಿ ಇಲ್ಲಿನ ಕನ್ನಡ ಸಂಘಟನೆಗಳು ರಾತ್ರಿ ಶಾಲೆಗಳನ್ನು ನಡೆಸಿದವು. ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಅವುಗಳಲ್ಲಿ ಹೆಸರಾದವು. ಹಗಲೆಲ್ಲ ಟೇಬಲ್ ಒರೆಸಿದ ಕೈ ಸಂಜೆ ಪೆನ್ನು ಹಿಡಿಯುತ್ತಿತ್ತು. ಹದಿನಾಲ್ಕರ ಹುಡುಗನೂ ಇಪ್ಪತ್ತು ದಾಟಿದವನೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ತಡವಾಗಿ ಓದುವುದು ಅಲ್ಲಿ ನಾಚಿಕೆಯ ಮಾತಾಗಿರಲಿಲ್ಲ.

ಎಸ್ಸೆಸ್ಸಿ ಮುಗಿದ ಮೇಲೆ ದುಡಿಯುವವರಿಗೆ ಉಳಿಯುವ ದಾರಿ ದೂರಶಿಕ್ಷಣ. ನಾಸಿಕದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ 1989ರಲ್ಲಿ ಆರಂಭವಾಯಿತು. ಈ ಲೇಖಕ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ, ವರ್ಷಗಳ ನಂತರ 2002ರಲ್ಲಿ, 29ನೆಯ ವಯಸ್ಸಿನಲ್ಲಿ, ಅಲ್ಲಿ ಬಿ.ಎ. ಓದಿಗೆ ಹೆಸರು ನೋಂದಾಯಿಸಿದಾಗ ವಾಸ ವಿಠ್ಠಲವಾಡಿಯ ಒಂದು ಖೋಲಿಯಲ್ಲಿ, ಕೆಲಸ ಮಸ್ಜಿದ್ ಬಂದರಿನ ಒಂದು ಗೋದಾಮಿನ ಲೆಕ್ಕಪತ್ರದಲ್ಲಿ. ವಿಠ್ಠಲವಾಡಿ ಮಧ್ಯ ರೈಲ್ವೆಯ ಕರ್ಜತ್ ಮಾರ್ಗದಲ್ಲಿ ಕಲ್ಯಾಣದ ನಂತರದ ಮೊದಲ ನಿಲ್ದಾಣ. ಬಾಡಿಗೆ ಕೈಗೆಟುಕುತ್ತದೆಂದು ಇಲ್ಲಿಗೆ ಬಂದವರು ಉಳಿಸಿದ ಹಣವನ್ನು ಪ್ರಯಾಣದ ಹೊತ್ತಿನ ರೂಪದಲ್ಲಿ ತೆರುತ್ತಾರೆ: ಮುಂಬಯಿಯ ದಕ್ಷಿಣ ತುದಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು, ಬಾಗಿಲಿನಿಂದ ಬಾಗಿಲಿಗೆ ಹೋಗಿಬರಲು ದಿನಕ್ಕೆ ನಾಲ್ಕು ಗಂಟೆ.

ಮೊದಲ ತಪ್ಪು ವೇಳಾಪಟ್ಟಿಯಲ್ಲೇ ಇತ್ತು. ದಿನಕ್ಕೆ ಎರಡು ಗಂಟೆಯಂತೆ ಮೂರು ವರ್ಷ ಎಂದು ಬರೆದು ಗೋಡೆಗೆ ಅಂಟಿಸಿದ್ದಾಯಿತು. ಆ ಹಾಳೆಯಲ್ಲಿ ಊರಿನಿಂದ ಬರುವ ನೆಂಟರಿಗೆ, ಮಗುವಿನ ಜ್ವರಕ್ಕೆ, ವರ್ಷಾಂತ್ಯದ ಲೆಕ್ಕಕ್ಕೆ, ಹಳಿ ದುರಸ್ತಿಗೆಂದು ರೈಲು ತಡೆಯುವ ಭಾನುವಾರದ ಮೆಗಾ ಬ್ಲಾಕಿಗೆ ಜಾಗವೇ ಇರಲಿಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಇಂಥ ಅಂದಾಜಿನ ದೋಷವನ್ನು ಹೆಸರಿಟ್ಟು ವಿವರಿಸಿದ್ದಾರೆ. ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಯಲು ಸರಾಸರಿ ಸುಮಾರು 34 ದಿನ ಸಾಕೆಂದರು. ಹಿಡಿದದ್ದು ಸುಮಾರು 55 ದಿನ. ವೇಳಾಪಟ್ಟಿ ತಪ್ಪಿದಾಗ ಜನ ತಮ್ಮ ಮನೋಬಲವನ್ನು ಶಂಕಿಸುತ್ತಾರೆ. ಮೊದಲು ಶಂಕಿಸಬೇಕಾದದ್ದು ವೇಳಾಪಟ್ಟಿಯನ್ನು.

ಎರಡನೆಯ ವರ್ಷ ಲೆಕ್ಕವನ್ನು ಹೊಸದಾಗಿ ಹಾಕಲಾಯಿತು. ಒಂದು ವಾರ ಏನೂ ಬದಲಿಸದೆ, ಓದಿಗೆ ಸಿಕ್ಕಿದ ಹೊತ್ತನ್ನಷ್ಟೇ ಬರೆದಿಟ್ಟಾಗ ಖೋಲಿಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷವೂ ಸಿಗುತ್ತಿರಲಿಲ್ಲ. ಉಳಿದದ್ದು ರೈಲು. ಬದಲಾಪುರ, ಅಂಬರ್‌ನಾಥ್ ಕಡೆಯಿಂದ ಬರುವ ಬೆಳಗಿನ ಲೋಕಲ್ ವಿಠ್ಠಲವಾಡಿಗೆ ತುಂಬಿಯೇ ಬರುತ್ತದೆ. ನಿಂತಲ್ಲಿ ಪುಸ್ತಕ ಬಿಡಿಸಲು ಕೈ ಮೇಲೇಳುವುದಿಲ್ಲ. ಈ ಮಾರ್ಗದ ನಿತ್ಯ ಪ್ರಯಾಣಿಕರಲ್ಲಿ ಅದಕ್ಕೊಂದು ರೂಢಿಯಿದೆ: ಎದುರು ದಿಕ್ಕಿನ ಗಾಡಿ ಹತ್ತಿ ಅಂಬರ್‌ನಾಥ್‌ಗೆ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಸೀಟು ಹಿಡಿದು ಕೂತೇ ರಿಟರ್ನ್ ಬರುವುದು. ಪಾಸನ್ನು ಅಂಬರ್‌ನಾಥ್‌ವರೆಗೆ ತೆಗೆಸಬೇಕು, ಅರ್ಧ ಗಂಟೆ ಮುಂಚೆ ಮನೆ ಬಿಡಬೇಕು. ಎರಡು ನಿಲ್ದಾಣ ಹಿಂದಕ್ಕೆ ಹೋದದ್ದಕ್ಕೆ ಒಂದು ಗಂಟೆಗೂ ಹೆಚ್ಚು ಕಾಲ ಕೂತು ಓದಲು ಸಿಗುತ್ತಿತ್ತು. ಮರಳುವಾಗ ನಿಂತೇ ಬರಬೇಕಾದ್ದರಿಂದ ಜೇಬಿನ ಚೀಟಿಯಲ್ಲಿ ಬರೆದ ನಾಲ್ಕು ಅಂಶಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದಷ್ಟೇ ಸಂಜೆಯ ಓದು. ಬೆಳಗಿನ ಸೀಟು ವಾರಕ್ಕೆ ನಾಲ್ಕು ದಿನ ಸಿಕ್ಕರೆ ಆ ವಾರ ಒಳ್ಳೆಯದೆಂದು ಲೆಕ್ಕ.

ಅಡಚಣೆಗಳಲ್ಲಿ ದೊಡ್ಡದು 2005ರ ಜುಲೈ 26ರ ಮಳೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ದಾಖಲಾದ ಆ ಮಳೆಗೆ ಕಲ್ಯಾಣ, ಉಲ್ಹಾಸನಗರದ ನಡುವೆ ಹರಿಯುವ ವಾಲಧುನಿ ನದಿ ಉಕ್ಕಿ ತಗ್ಗಿನ ಬಸ್ತಿಗಳಿಗೆ ನುಗ್ಗಿತು. ನೆಲಮಹಡಿಯ ಖೋಲಿಯಲ್ಲಿದ್ದ ಪುಸ್ತಕಗಳೂ ಮೂರು ವರ್ಷದ ನೋಟ್ಸೂ ಕೆಸರಾದವು. ಆಮೇಲೆ ಸುಮಾರು ನಾಲ್ಕು ತಿಂಗಳು ಓದು ನಿಂತಿತು. ಅದರಲ್ಲಿ ಖೋಲಿ ಸರಿಪಡಿಸಲು ಹಿಡಿದದ್ದು ಒಂದು ತಿಂಗಳು. ಉಳಿದ ಮೂರು ತಿಂಗಳನ್ನು ತಿಂದದ್ದು, ಎಲ್ಲ ಹೋಯಿತು, ಇನ್ನು ಆಗದು ಎಂಬ ಕೊರಗು. ಎಲ್ಲ ಹೋಗಿರಲಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ನೆನಪಿನ ಪ್ರಯೋಗಗಳಲ್ಲಿ, ಮರೆತಂತೆ ಕಾಣುವ ಪಾಠವನ್ನು ಎರಡನೆಯ ಸಲ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕೆಂದು ತೋರಿಸಿದ್ದರು. ಡಿಸೆಂಬರಿನಲ್ಲಿ ಹಳೆಯ ಪುಸ್ತಕದಂಗಡಿಯಿಂದ ತಂದ ಪುಸ್ತಕದಲ್ಲಿ ಅದೇ ಅನುಭವವಾಯಿತು: ಮೊದಲ ಸಲ ತಿಂಗಳು ಹಿಡಿದ ಅಧ್ಯಾಯ ಹತ್ತು ದಿನಕ್ಕೆ ಒಲಿಯಿತು.

ಮುಂದಿನ ವರ್ಷ ಅರ್ಥಶಾಸ್ತ್ರದ ಒಂದು ಪೇಪರಿನಲ್ಲಿ ಫೇಲಾದದ್ದು ಇನ್ನೊಂದು ಪರೀಕ್ಷೆ. ತನ್ನನ್ನು ಕಠಿಣವಾಗಿ ಬೈದುಕೊಂಡರೆ ಮುಂದಿನ ಸಲ ಚೆನ್ನಾಗಿ ಓದುತ್ತೇವೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೈಕೆಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ, 119 ವಿದ್ಯಾರ್ಥಿಗಳ ಅಧ್ಯಯನ ಬೇರೆಯದನ್ನೇ ಹೇಳುತ್ತದೆ: ಮೊದಲ ಪರೀಕ್ಷೆಗೆ ಓದನ್ನು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದರು. ಕಾರಣ ಊಹಿಸಲು ಕಷ್ಟವಿಲ್ಲ. ಬೈದುಕೊಂಡವರಿಗೆ ಪುಸ್ತಕ ಕಂಡರೆ ಸೋಲಿನ ನೆನಪು, ಆ ನೆನಪು ಬೇಡವೆಂದು ಪುಸ್ತಕವೇ ದೂರ. ಆ ಪೇಪರಿನ ಅಂಕಪಟ್ಟಿ ಎರಡು ತಿಂಗಳು ಟ್ರಂಕಿನ ತಳದಲ್ಲಿತ್ತು. ಅದನ್ನು ಹೊರತೆಗೆದು, ಯಾವ ಭಾಗ ಓದಿರಲಿಲ್ಲವೆಂದು ಶಾಂತವಾಗಿ ಗುರುತು ಹಾಕಿದ ದಿನವೇ ಓದು ಮತ್ತೆ ಶುರುವಾದದ್ದು.

ದಿನನಿತ್ಯದ ಸಣ್ಣ ತಪ್ಪುವಿಕೆಗೂ ಇದೇ ಮಾತು ಸಲ್ಲುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಷ್ಟು ಮೈಗೂಡಲು ಸರಾಸರಿ 66 ದಿನ ಬೇಕಾಯಿತು. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಹಬ್ಬಿತ್ತು. ನೆರೆಮನೆಯವನಿಗೆ ತಿಂಗಳಲ್ಲಿ ಕೂಡಿಬಂದದ್ದು ಇನ್ನೊಬ್ಬರಿಗೆ ಎಂಟು ತಿಂಗಳು ತೆಗೆದುಕೊಂಡರೆ ಅದು ದೋಷವಲ್ಲ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಎಂಬುದೂ ಅದೇ ಅಧ್ಯಯನದ ಫಲಿತಾಂಶ.

ತಾಳ್ಮೆಯನ್ನು ಆಲಸ್ಯದಿಂದ ಬೇರೆ ಮಾಡಿ ನೋಡಲು ಒಂದು ಸರಳ ಒರೆಗಲ್ಲಿದೆ. ಆಲಸ್ಯ ಮುಂದಿನ ಹೆಜ್ಜೆಗೆ ದಿನಾಂಕ ಇಡುವುದಿಲ್ಲ. ತಾಳ್ಮೆ ದಿನಾಂಕ ಬದಲಿಸುತ್ತದೆ, ಅಳಿಸುವುದಿಲ್ಲ. ಜ್ವರ ಬಂದ ಮಗುವಿನ ಪಕ್ಕ ಕೂತ ರಾತ್ರಿ ಓದು ಬಿಟ್ಟದ್ದು ಸರಿ. ಮಗು ಚೇತರಿಸಿದ ಮೇಲೆ ಯಾವ ಬೆಳಿಗ್ಗೆ ರಿಟರ್ನ್ ಗಾಡಿ ಹಿಡಿಯುವುದೆಂದು ತೀರ್ಮಾನಿಸಿರಬೇಕು. ವಯೋಮಿತಿಯುಳ್ಳ ಸರಕಾರಿ ನೌಕರಿಯಂಥ ಗುರಿಗಳಿಗೆ ಕಾಲವನ್ನು ಹಿಗ್ಗಿಸಲು ಬರುವುದಿಲ್ಲ. ಅಲ್ಲಿ ತಾಳ್ಮೆಯೆಂದರೆ ಗಡುವು ಮೀರಿದಾಗ ತನ್ನನ್ನು ಹಳಿಯದೆ, ಕೂಡಿಟ್ಟ ಓದನ್ನು ಬೇರೊಂದು ದಾರಿಗೆ ತಿರುಗಿಸುವುದು.

ಪದವಿ ಕೈಗೆ ಬಂದದ್ದು 2008ರಲ್ಲಿ. ಗೋಡೆಗೆ ಅಂಟಿಸಿದ ಮೊದಲ ಹಾಳೆ ಕೇಳಿದ್ದು ದಿನಕ್ಕೆ ಎರಡು ಗಂಟೆ. ಆರು ವರ್ಷಗಳ ಒಟ್ಟು ಓದನ್ನು ಎಲ್ಲ ದಿನಗಳಿಗೂ, ನೆರೆಯ ನಾಲ್ಕು ತಿಂಗಳನ್ನೂ ಸೇರಿಸಿ, ಹಂಚಿ ನೋಡಿದರೆ ದಿನಕ್ಕೆ ಮುಕ್ಕಾಲು ಗಂಟೆ ಬರುತ್ತದೆ. ಪದವಿಗೆ ಅಷ್ಟು ಸಾಕಾಯಿತು.