ಅಳತೆಪಟ್ಟಿಯಿಂದ ಹುಟ್ಟಿದ ಸಂಗೀತ

ದೂರದರ್ಶನದ ಧಾರಾವಾಹಿಗಳ ಆರಂಭದಲ್ಲಿ ಕೇಳಿಬರುವ ಸಂಗೀತವನ್ನು ನಾವು ಕೇವಲ ಅಲಂಕಾರವೆಂದು ಭಾವಿಸುವುದುಂಟು. ಪಕ್ಕದ ಕೋಣೆಯಲ್ಲಿರುವವರನ್ನು ಅದು ಪರದೆಯ ಮುಂದಕ್ಕೆ ಕರೆತರುತ್ತದೆ. ಬರಲಿರುವ ಕಥೆ ಯಾವ ಲೋಕಕ್ಕೆ ಸೇರಿದುದೆಂಬುದನ್ನೂ ಮಾತಿಲ್ಲದೆ ತಿಳಿಸುತ್ತದೆ. ಈ ಎರಡನೆಯ ಕಾರ್ಯವೇ ಕಠಿನವಾದುದು.

1963ರ ನವೆಂಬರ್ 23ರಂದು ಬ್ರಿಟನ್ನಿನ ಬಿ.ಬಿ.ಸಿ.ಯು 'ಡಾಕ್ಟರ್ ಹೂ' ಎಂಬ ಧಾರಾವಾಹಿಯನ್ನು ಆರಂಭಿಸಿತು. ಕಾಲದಲ್ಲಿಯೂ ವ್ಯೋಮದಲ್ಲಿಯೂ ಸಂಚರಿಸುವವನೊಬ್ಬನ ಕಥೆಯದು. ಪಿಟೀಲು, ತುತ್ತೂರಿಗಳ ಪರಿಚಿತ ನಾದವು ಕೇಳುವವರನ್ನು ಭೂಮಿಗೇ ಕಟ್ಟಿಹಾಕುತ್ತಿತ್ತು. ರಾನ್ ಗ್ರೇನರ್ ಎಂಬವರು ಧಾಟಿಯನ್ನು ಬರೆದುಕೊಟ್ಟರು. ಅದನ್ನು ನಾದವಾಗಿಸುವ ಹೊಣೆಯನ್ನು ಬಿ.ಬಿ.ಸಿ.ಯ ರೇಡಿಯೋಫೋನಿಕ್ ಕಾರ್ಯಾಗಾರದ ಡೀಲಿಯಾ ಡರ್ಬಿಷೈರ್ ವಹಿಸಿಕೊಂಡರು. ಈಕೆ ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಸಂಗೀತವನ್ನೂ ವ್ಯಾಸಂಗ ಮಾಡಿದವರು. ಡಿಕ್ ಮಿಲ್ಸ್ ಸಹಾಯಕರಾಗಿದ್ದರು.

ಅವರ ಬಳಿ ಇದ್ದ ಸಾಧನಗಳು ಟೇಪ್ ರೆಕಾರ್ಡರುಗಳು, ಪ್ರಯೋಗಶಾಲೆಯ ಆಂದೋಲಕಗಳು ಮತ್ತು ಮೀಟಲು ಒಂದು ತಂತಿ, ಇಷ್ಟೇ. ಒಂದು ತಂತಿಯಿಂದ ಹಲವು ಸ್ವರಗಳು ಬಂದುದು ಹೇಗೆ? ಮೀಟಿದ ತಂತಿಯು ಸೆಕೆಂಡಿಗೆ 200 ಬಾರಿ ಕಂಪಿಸಿತೆನ್ನೋಣ. ಆ ಧ್ವನಿಯುಳ್ಳ ಟೇಪನ್ನು ಇಮ್ಮಡಿ ವೇಗದಲ್ಲಿ ಓಡಿಸಿದರೆ ಕಿವಿಗೆ ಸೆಕೆಂಡಿಗೆ 400 ಕಂಪನಗಳು ತಲುಪುತ್ತವೆ. ಮಧ್ಯಸ್ಥಾಯಿಯ ಷಡ್ಜವು ತಾರಷಡ್ಜವಾಗುತ್ತದೆ. ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದರೆ 300 ಕಂಪನಗಳ ಪಂಚಮ ದೊರೆಯುತ್ತದೆ. ಹೀಗೆ ಪಡೆದ ಸ್ವರಗಳನ್ನು ಬೇಕಾದ ಉದ್ದಕ್ಕೆ ಕತ್ತರಿಸಿ, ಒಂದರ ಮುಂದೊಂದನ್ನು ಅಂಟಿಸಬೇಕು. ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಕಾಲು ಸೆಕೆಂಡಿನ ಸ್ವರವು ಮೂರೂಮುಕ್ಕಾಲು ಅಂಗುಲದ ತುಂಡು. ತಾಳವನ್ನು ಕೈಯಿಂದ ಹಾಕುವ ಬದಲು ಅಳತೆಪಟ್ಟಿಯಿಂದ ಹಾಕಿದರೆನ್ನಬಹುದು!

ಧಾಟಿಯ ಮುಖ್ಯ ಸ್ವರಗಳು ಆಂದೋಲಕಗಳಿಂದ ಬಂದವು. ಗುಂಡಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿದಾಗ ಒಂದು ಸ್ವರ ಇನ್ನೊಂದಕ್ಕೆ ಜಾರುತ್ತದೆ; ನಮ್ಮ ಸಂಗೀತದ ಜಾರು ಗಮಕವನ್ನು ಬಲ್ಲವರಿಗೆ ಇದು ಅಷ್ಟು ಅಪರಿಚಿತವೆನಿಸದು. ಎಲ್ಲ ಕಂಪನಗಳೂ ಬೆರೆತಿರುವ 'ಬಿಳಿಯ ಸದ್ದ'ನ್ನು ಸೋಸಿ ಗಾಳಿಯ ಸುಯ್ಯೆಂಬ ದನಿಯನ್ನು ಪಡೆದರು.

ಇವೆಲ್ಲವೂ ಬೇರೆ ಬೇರೆ ಟೇಪುಗಳಲ್ಲಿದ್ದುವು. ಒಟ್ಟುಗೂಡಿಸಲು ಬಹುಪಥದ ಯಂತ್ರವಿಲ್ಲದುದರಿಂದ ಹಲವು ಯಂತ್ರಗಳನ್ನು ಒಂದೇ ಕ್ಷಣದಲ್ಲಿ ಚಾಲೂ ಮಾಡಬೇಕಾಗಿತ್ತು. ಎಲ್ಲೋ ಒಂದು ಸ್ವರ ತಪ್ಪಿದಾಗ ಟೇಪುಗಳನ್ನು ಉದ್ದನೆಯ ಓಣಿಯಲ್ಲಿ ಅಕ್ಕಪಕ್ಕ ಹಾಸಿ, ಬೆಸುಗೆಗಳನ್ನು ಒಂದೊಂದಾಗಿ ಹೋಲಿಸಿ ದೋಷವನ್ನು ಹಿಡಿದರಂತೆ. ಕಿವಿಗೆ ಸಿಕ್ಕದುದು ಕಣ್ಣಿಗೆ ಸಿಕ್ಕಿತು.

ಡರ್ಬಿಷೈರ್ ಅವರನ್ನು ಸಹಕರ್ತೃವೆಂದು ಹೆಸರಿಸಬೇಕೆಂಬುದು ಗ್ರೇನರ್ ಅವರ ಇಚ್ಛೆಯಾಗಿತ್ತು. ಕಾರ್ಯಾಗಾರದ ನೌಕರರನ್ನು ಹೆಸರಿಸದಿರುವುದು ಸಂಸ್ಥೆಯ ಪದ್ಧತಿಯಾಗಿದ್ದುದರಿಂದ ಅದು ನಡೆಯಲಿಲ್ಲ. ಈ ಪದ್ಧತಿ ನ್ಯಾಯವಾದುದೆಂದು ನಮಗೆ ತೋರುವುದಿಲ್ಲ. ಅವರು 2001ರಲ್ಲಿ ತೀರಿಕೊಂಡರು. ಈ ಸಂಗೀತಕ್ಕಾಗಿ ಅವರ ಹೆಸರು ಧಾರಾವಾಹಿಯ ಪರದೆಯ ಮೇಲೆ ಮೂಡಿದುದು 2013ರಲ್ಲಿ, ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ.