ಹಳೆಯ ಗಣಕ ನಕ್ಷೆಗಳ ಜೀರ್ಣೋದ್ಧಾರ

ನವಿ ಮುಂಬಯಿಯ ನಿರ್ಮಾಣಕ್ಕೆಂದು 1970ರಲ್ಲಿ ಸಿಡ್ಕೊ ಸಂಸ್ಥೆ ಸ್ಥಾಪಿತವಾಯಿತು. ಅಂದು ಕಟ್ಟಡದ ನಕ್ಷೆಯೆಂದರೆ ಟ್ರೇಸಿಂಗ್ ಕಾಗದದ ಮೇಲೆ ಕೈಯಿಂದ ಬರೆದದ್ದು. 1982ರ ಡಿಸೆಂಬರಿನಲ್ಲಿ ಆಟೋಕ್ಯಾಡ್ ಹೊರಬಂದಿತು. ಕಾಲಕ್ರಮದಲ್ಲಿ ನಕ್ಷೆಗಾರನ ಹಲಗೆಯ ಸ್ಥಾನವನ್ನು ಗಣಕಯಂತ್ರವು ಪಡೆಯಿತು. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನಮ್ಮವರು ದುಡಿದು ಕೊಂಡ ಮನೆಗಳೀಗ ಮುಪ್ಪಾಗಿವೆ. ಸೊಸೈಟಿಯ ಸಭೆಗಳಲ್ಲಿ ಮರುನಿರ್ಮಾಣದ ಮಾತು ನಡೆದಿದೆ. ಹೊಸ ಕಟ್ಟಡದ ಬಣ್ಣದ ಚಿತ್ರಗಳನ್ನು ತೋರಿಸುತ್ತಾರೆ.

ಚಿತ್ರವು ಎಷ್ಟೇ ಮನೋಹರವಾಗಿದ್ದರೂ, ಈಗಿನ ಮನೆಗಳ ಅಳತೆ, ನಿವೇಶನದ ಗಡಿ, ರಸ್ತೆಯ ಅಗಲ ಇವೆಲ್ಲ ಬಹುಮಟ್ಟಿಗೆ ಹಳೆಯ ನಕ್ಷೆಯಿಂದಲೇ ಬಂದಿರುತ್ತವೆ. ನಕ್ಷೆಯ ತಪ್ಪನ್ನು ರೆಂಡರಿಂಗ್ ತಿದ್ದುವುದಿಲ್ಲ, ಬಣ್ಣದಿಂದ ಮರೆಮಾಡುತ್ತದೆ. ಆದುದರಿಂದ ಹಳೆಯ ನಕ್ಷೆಯನ್ನು ಹೊಸ ತಂತ್ರಾಂಶಕ್ಕೆ ಒಗ್ಗಿಸುವ ಕ್ರಮವನ್ನು ಈ ವೃತ್ತಿಯ ತರುಣರೂ ಸೊಸೈಟಿಯ ಪದಾಧಿಕಾರಿಗಳೂ ತಿಳಿದಿರುವುದು ಒಳಿತು.

ಮೊದಲನೆಯದಾಗಿ, ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯ ಮೇಲೆಯೇ ಕೆಲಸ ಮಾಡತಕ್ಕದ್ದು. ಡಿಡಬ್ಲ್ಯುಜಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಆರು ಅಕ್ಷರಗಳೇ ಅದರ ವಯಸ್ಸನ್ನು ಹೇಳುತ್ತವೆ: ಎಸಿ1014 ಎಂದಿದ್ದರೆ ಆವೃತ್ತಿ 14, ಎಸಿ1015 ಎಂದಿದ್ದರೆ ಆಟೋಕ್ಯಾಡ್ 2000ರ ಕಾಲದ್ದು, ಎಸಿ1032 ಎಂದಿದ್ದರೆ 2018ರ ರೂಪದ್ದು.

ಎರಡನೆಯದು ಶುದ್ಧೀಕರಣ. ಆಡಿಟ್ ಆಜ್ಞೆಯಿಂದ ಕಡತದ ದೋಷಗಳನ್ನು ಸರಿಪಡಿಸಿ, ಓವರ್‌ಕಿಲ್‌ನಿಂದ ಒಂದರ ಮೇಲೊಂದು ಬಿದ್ದ ಗೆರೆಗಳನ್ನು ತೆಗೆದು, ಪರ್ಜ್‌ನಿಂದ ಬಳಕೆಯಿಲ್ಲದ ಲೇಯರುಗಳನ್ನು ಅಳಿಸಬೇಕು. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬರೆದ ಮರಾಠಿ, ಕನ್ನಡ ಹೆಸರುಗಳು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುವುದುಂಟು. ಹಳೆಯ ಮುದ್ರಿತ ಪ್ರತಿಯೊಡನೆ ಹೋಲಿಸಿ ಅವನ್ನು ಮತ್ತೆ ಬರೆಯಬೇಕು.

ಮೂರನೆಯದು ಮಾನ. ಹತ್ತು ಅಡಿಯ ಗೋಡೆಯನ್ನು ಅಂಗುಲಗಳಲ್ಲಿ ಬರೆದಿದ್ದರೆ ಅದು 120 ಮಾನ. ಹೊಸ ತಂತ್ರಾಂಶವು ಅದನ್ನು ಮಿಲಿಮೀಟರೆಂದು ತಿಳಿದರೆ ಕೋಣೆಯು ಬೆಂಕಿಪೆಟ್ಟಿಗೆಗಳ ಸಾಲಿನಷ್ಟಾಗುತ್ತದೆ. ಆಗ ನಕ್ಷೆಯನ್ನು 25.4ರಿಂದ ಗುಣಿಸಿ ಹಿಗ್ಗಿಸಬೇಕು.

ನಾಲ್ಕನೆಯದು ಗೆರೆಗಳ ಜೋಡಣೆ. ಕಾಗದದಲ್ಲಿ ಕಾಣದ ಕೂದಲೆಳೆಯಷ್ಟು ಸಂದೂ ಗೋಡೆಯನ್ನು ಮೇಲಕ್ಕೆತ್ತಲು ಬಿಡುವುದಿಲ್ಲ. ಮೂಲೆಗಳನ್ನು ಕೂಡಿಸಿ, ಎಲ್ಲ ಗೆರೆಗಳನ್ನೂ ಒಂದೇ ಸಮತಲಕ್ಕೆ ತಂದು, ನಕ್ಷೆಯನ್ನು ಸೊನ್ನೆಯ ಬಿಂದುವಿನ ಹತ್ತಿರಕ್ಕೆ ಸರಿಸಬೇಕು. ಗೋಡೆ, ಗಾಜು, ನೆಲಗಳಿಗೆ ಬೇರೆ ಬೇರೆ ಲೇಯರು ಇದ್ದರೆ ಮುಂದೆ ಬಣ್ಣ ಹಚ್ಚುವುದು ಸುಲಭ.

ಕೊನೆಯದು ಬೆಳಕು. ತಂತ್ರಾಂಶಕ್ಕೆ ನಮ್ಮ ಊರಿನ ಸ್ಥಾನವನ್ನು ತಿಳಿಸದಿದ್ದರೆ ಅದು ಯಾವುದೋ ದೇಶದ ಬಿಸಿಲನ್ನು ತೋರಿಸೀತು. ಠಾಣೆಯು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮಧ್ಯದಿಂದ ಜುಲೈ ಅಂತ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಉತ್ತರದ ಬಾಲ್ಕನಿಗೆ ಎಂದೂ ಬಿಸಿಲು ಬಾರದೆಂದು ತೋರಿಸುವ ಚಿತ್ರವನ್ನು ನಂಬಲಾಗದು.

ಇಷ್ಟಾದರೂ ಒಂದು ಪರೀಕ್ಷೆ ಉಳಿಯುತ್ತದೆ. ಅದಕ್ಕೆ ಗಣಕಯಂತ್ರ ಬೇಡ, ಅಳತೆಯ ಟೇಪು ಸಾಕು. ನಕ್ಷೆಯಲ್ಲಿ 10 ಅಡಿಗೆ 12 ಅಡಿಯಿರುವ ಕೋಣೆ 120 ಚದರಡಿ. ಉದ್ದ, ಅಗಲಗಳೆರಡರಲ್ಲೂ ಮೂರು ಮೂರು ಅಂಗುಲ ವ್ಯತ್ಯಾಸವಾದರೆ ಅದು ಸುಮಾರು 114.5 ಚದರಡಿಗೆ ಇಳಿಯುತ್ತದೆ. ಒಂದೇ ಕೋಣೆಯಲ್ಲಿ ಐದೂವರೆ ಚದರಡಿಯ ಅಂತರ! ಹೊಸ ಮನೆಯ ಪಾಲನ್ನು ಹಳೆಯ ಮನೆಯ ಅಳತೆಯ ಮೇಲೆ ನಿರ್ಧರಿಸುವಾಗ ಇದು ಸಣ್ಣ ಮಾತಲ್ಲ.

ಆದುದರಿಂದ ವಾಚಕರು ತಮ್ಮ ಮನೆಯ ಒಳ ಅಳತೆಯನ್ನು ಸ್ವತಃ ತೆಗೆದು, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಲಿ; ಹಳೆಯ ನಕ್ಷೆಯ ಒಂದು ಪ್ರತಿಯನ್ನು ಸೊಸೈಟಿಯಿಂದ ಕೇಳಿ ಪಡೆಯಲಿ. ಎರಡೂ ತಾಳೆಯಾದ ಮೇಲೆ ಬಣ್ಣದ ಚಿತ್ರವನ್ನು ನೋಡಿ ಸಂತೋಷಪಡಬಹುದು. ಸಹಿ ಹಾಕುವ ಕೆಲಸ ಅದಕ್ಕೂ ಅನಂತರದ್ದು.