ಮರುತುಂಬಿದ ಕಾಡತೂಸುಗಳ ಪರೀಕ್ಷೆ

ಬೆಳೆಗಾವಲಿಗೆ ಬಂದೂಕನ್ನಿಟ್ಟುಕೊಂಡಿರುವ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ

ಘೋಡಗೇರಿ ಮೊದಲಾದ ಗ್ರಾಮಗಳಲ್ಲಿ ಕಬ್ಬು, ಗೋವಿನಜೋಳಗಳನ್ನು ಬೆಳೆಯುವುದೆಷ್ಟು ಮುಖ್ಯವೋ ಕಾಯ್ದುಕೊಳ್ಳುವುದೂ ಅಷ್ಟೇ ಮುಖ್ಯವು. ಇದಕ್ಕಾಗಿ ಕೆಲವರು ಪರವಾನಗಿ ಪಡೆದು ಬಂದೂಕನ್ನೋ ರೈಫಲ್ಲನ್ನೋ ಇಟ್ಟುಕೊಂಡಿರುತ್ತಾರೆ. ಹೊಸ ಕಾಡತೂಸಿಗೆ ಬೆಲೆ ಹೆಚ್ಚೆಂದು, ಹಾರಿಸಿದ ಕವಚಕ್ಕೆ ಹೊಸ ಕೇಪು, ಮದ್ದು, ಗುಂಡುಗಳನ್ನು ತುಂಬಿದ್ದನ್ನು ಬಳಸುವವರಿಗೆ ಅದರ ಅಪಾಯವು ತಿಳಿದಿರುವುದು ಅವಶ್ಯವು.

1. ಪರೀಕ್ಷೆಯ ಮಿತಿ

ಮೊದಲು ತಿಳಿಯತಕ್ಕ ಮಾತಿದು: ಪರೀಕ್ಷೆಯಿಂದ ಕಾಡತೂಸು ಕೆಟ್ಟದ್ದೆಂದು ನಿಶ್ಚಯಿಸಬಹುದು, ಒಳ್ಳೆಯದೆಂದು ನಿಶ್ಚಯಿಸಲಾಗದು. ಬೀಜವನ್ನಾದರೆ ನಾಲ್ಕು ಕಾಳು ಮೊಳೆಯಿಸಿ ನೋಡಬಹುದು. ಕಾಡತೂಸಿನಲ್ಲಿ ಮದ್ದು ಎಷ್ಟಿದೆ, ಯಾವ ಜಾತಿಯದಿದೆ ಎಂಬುದು ಬಾಯಿ ಮುಚ್ಚಿದ ಮೇಲೆ ಕಣ್ಣಿಗೆ ಕಾಣದು. ತೂಗಿ ನೋಡಿದರೆ ಮದ್ದೇ ಇಲ್ಲದ್ದು ಸಿಕ್ಕೀತು. ಆದರೆ ಕವಚ ಕವಚಕ್ಕೆ ತೂಕ ಬೇರೆಯಿರುವುದರಿಂದ ಅಲ್ಪ ವ್ಯತ್ಯಾಸವು ಅದರಲ್ಲಿ ಅಡಗಿಹೋಗುವುದು. ಆದುದರಿಂದ ತುಂಬಿದವನಾರೆಂದು ತಿಳಿಯದ ಕಾಡತೂಸನ್ನು, ಹೊರಗಿನಿಂದ ಎಷ್ಟೇ ಹೊಳೆಯುತ್ತಿರಲಿ, ಹಾರಿಸಕೂಡದು.

2. ಹಿತ್ತಾಳೆಯ ಗುಣ

ಹಾರಿಸಿದಾಗ ಕವಚವು ಉಬ್ಬಿ ನಳಿಗೆಯ ಗೋಡೆಗೆ ಒತ್ತಿಕೊಂಡು, ಬೆಂಕಿಯ ಅನಿಲವು ಹಿಂದಕ್ಕೆ, ಎಂದರೆ ಹೊಡೆಯುವವನ ಮುಖದ ಕಡೆಗೆ, ಬಾರದಂತೆ ತಡೆಯುವುದು. ಬಡಿದ ಹಿತ್ತಾಳೆಯು ಪೆಡಸಾಗಿ ಬಿರಿಯುವುದೆಂಬುದನ್ನು ಕಂಚುಗಾರರೆಲ್ಲ ಬಲ್ಲರು. ಮತ್ತೆ ಮತ್ತೆ ತುಂಬಿದ ಕವಚದ ಗತಿಯೂ ಅದೇ: ಬಾಯಿಯ ಹತ್ತಿರ ಪೆಡಸಾಗುವುದು, ಬುಡದ ಹತ್ತಿರ ತೆಳುವಾಗುವುದು.

3. ಇಡುವ ಸ್ಥಳ

ಬ್ರಿಟಿಷರ ಆಳಿಕೆಯಲ್ಲಿ ಹಿಂದುಸ್ಥಾನದ ಸೈನ್ಯದವರು ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆಲಾಯಗಳಲ್ಲಿ ಇರಿಸಿದಾಗ, ಹಾರಿಸದ ಕವಚಗಳೇ ತಾವಾಗಿ ಬಿರಿದಿದ್ದವು. ಇದರ ಕಾರಣವನ್ನು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿವರಿಸಿದರು. ಗಂಜಳದಿಂದ ಹೊರಡುವ ಅಮೋನಿಯಾ ಅನಿಲವು ತೇವದೊಡನೆ ಸೇರಿ, ತಯಾರಿಕೆಯ ಕಾಲದ ಎಳೆತವು ಒಳಗುಳಿದಿರುವ ಹಿತ್ತಾಳೆಯನ್ನು ಸೀಳುವುದೆಂದು ತಿಳಿದುಬಂತು. ಒಕ್ಕಲಿಗನ ಮನೆಯಲ್ಲಿ ಈ ಅನಿಲಕ್ಕೆ ಕೊರತೆಯಿಲ್ಲ. ದನದ ಕೊಟ್ಟಿಗೆಯಲ್ಲಾಗಲಿ, ಯೂರಿಯಾ ಮೊದಲಾದ ಗೊಬ್ಬರದ ಚೀಲಗಳನ್ನು ಒಟ್ಟಿದ ಕೋಣೆಯಲ್ಲಾಗಲಿ ಕಾಡತೂಸುಗಳನ್ನು ಇಡಕೂಡದು. ಒಣಗಿದ, ತಂಪಾದ ಸ್ಥಳದಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡತಕ್ಕದ್ದು.

4. ನೋಡತಕ್ಕ ಗುರುತುಗಳು

ಹಗಲು ಬೆಳಕಿನಲ್ಲಿ, ಬಂದೂಕನ್ನು ದೂರವಿಟ್ಟು, ಒಂದೊಂದನ್ನೇ ಒಣ ಬಟ್ಟೆಯಿಂದ ಒರೆಸಿ, ಅದೇ ಅಳತೆಯ ಕಾರ್ಖಾನೆಯ ಕಾಡತೂಸಿನ ಪಕ್ಕದಲ್ಲಿಟ್ಟು ನೋಡತಕ್ಕದ್ದು. ಕೆಳಗಿನ ಯಾವುದೊಂದು ಗುರುತು ಕಂಡರೂ ಅದನ್ನು ಬೇರ್ಪಡಿಸಬೇಕು.

(ಅ) ಕವಚದ ಬಾಯಿಯಲ್ಲಿ ಅಥವಾ ಕತ್ತಿನಲ್ಲಿ ಕೂದಲೆಳೆಯಷ್ಟಾದರೂ ಸೀಳು.
(ಆ) ಬುಡದ ಅಂಚಿನ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರದಂತಹ ಗೆರೆ. ಕವಚವು ಅಲ್ಲಿ ತೆಳುವಾಗಿ ಎರಡು ತುಂಡಾಗಲು ಸಿದ್ಧವಾಗಿರಬಹುದು.
(ಇ) ಬುಡದ ಮಟ್ಟಕ್ಕಿಂತ ಹೊರಗೆ ಉಬ್ಬಿದ, ಸಡಿಲವಾದ ಅಥವಾ ಎಣ್ಣೆ ತಾಗಿದ ಕೇಪು.
(ಈ) ಅಲುಗಾಡುವ, ಅಥವಾ ಒಳಕ್ಕೆ ಸರಿದ ಗುಂಡು. ಒಳಗಿನ ಸ್ಥಳವು ಕಿರಿದಾದಷ್ಟೂ ಒತ್ತಡವು ಏರುವುದು.
(ಉ) ಹಸಿರು ಕಿಲುಬಿನಿಂದ ತಿಂದ ಕುಳಿಗಳು.

ಬಂದೂಕಿನಲ್ಲಿ ತುರುಕಿ ನೋಡುವುದು ಪರೀಕ್ಷೆಯಲ್ಲ. ಸುಲಭವಾಗಿ ಕೂಡದ್ದನ್ನು ಬಲದಿಂದ ಸೇರಿಸಕೂಡದು. ಬಾಯಿಯಿಂದ ತುಂಬುವ ಬಂದೂಕನ್ನು ಇಟ್ಟುಕೊಂಡವರು ಇನ್ನೊಂದು ಮಾತನ್ನು ನೆನಪಿಡಬೇಕು: ಕಾಡತೂಸನ್ನು ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ಕರಿಮದ್ದಿನ ಬದಲಾಗಿ ತುಂಬಿದರೆ ನಳಿಗೆಯೇ ಸಿಡಿಯಬಹುದು.

5. ಹಾರಿಸುವಾಗ

ಸಪ್ಪಳವು ಎಂದಿಗಿಂತ ಕುಗ್ಗಿ ಕೇಳಿದರೆ ಅಲ್ಲಿಯೇ ನಿಲ್ಲಿಸತಕ್ಕದ್ದು. ಗುಂಡು ನಳಿಗೆಯಲ್ಲಿಯೇ ಸಿಕ್ಕಿಕೊಂಡಿರಬಹುದು. ಹಂದಿ ಎದುರಿಗಿದೆಯೆಂದು ಆತುರದಿಂದ ಹಾರಿಸಿದ ಎರಡನೆಯ ಗುಂಡು ನಳಿಗೆಯನ್ನು ಒಡೆಯುವುದು. ಬಂದೂಕನ್ನು ಬರಿದುಮಾಡಿ, ನಳಿಗೆಯ ತುದಿಯಿಂದ ತುದಿಗೆ ಬೆಳಕು ಕಾಣುವುದೋ ನೋಡಬೇಕು. ಕೇಪು ಸಿಡಿಯದೆ ಹೋದರೆ ಬಂದೂಕನ್ನು ನಿರ್ಜನ ದಿಕ್ಕಿಗೆ ಹಿಡಿದು, ಒಂದು ನಿಮಿಷವಾದರೂ ಕಾದು ತೆರೆಯತಕ್ಕದ್ದು. ತಡವಾಗಿ ಹೊತ್ತಿಕೊಳ್ಳುವುದೂ ಉಂಟು.

6. ಕಾಯಿದೆ

1959ರ ಶಸ್ತ್ರಾಸ್ತ್ರ ಅಧಿನಿಯಮದ 13ನೆಯ ಪ್ರಕರಣವು ಬೆಳೆರಕ್ಷಣೆಗೆಂದು ಬಾಯಿಯಿಂದ ತುಂಬುವ ಬಂದೂಕನ್ನು ಹೆಸರಿಸಿದೆ. ಅದೇ ಅಧಿನಿಯಮದ 5ನೆಯ ಪ್ರಕರಣದಂತೆ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿಯು ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿಯಿಂದಲೇ ಕಾಡತೂಸು ತುಂಬುವ ಅಧಿಕಾರವೂ ಬಂತೆಂದು ಭಾವಿಸಕೂಡದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವಿರುವುದರಿಂದ, ಕಾಡುಹಂದಿಯನ್ನು ಹೊಡೆಯುವ ವಿಷಯದಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯನ್ನು ಮೊದಲು ಕೇಳಿ ತಿಳಿಯತಕ್ಕದ್ದು.

ಬೇರ್ಪಡಿಸಿದ ಕಾಡತೂಸುಗಳನ್ನು ಒಲೆಗೆ ಹಾಕುವುದು, ಬಾವಿಗೆ ಎಸೆಯುವುದು, ಹೊಲದಲ್ಲಿ ಹೂಳುವುದು, ಬಡಿದು ಬಿಚ್ಚುವುದು, ಇವಾವುವೂ ಸಲ್ಲವು. ಪೋಲೀಸು ಠಾಣೆಗೆ ಮೊದಲು ತಿಳಿಸಿ, ಅವರು ಹೇಳಿದಂತೆ ಒಪ್ಪಿಸಬೇಕು.

ಊರಿನ ಹಿರಿಯರು ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿದ ಬಂದೂಕುಗಳು ಮರಳಿ ಬಂದಾಗಲೂ, ಮಳೆಗಾಲ ಮುಗಿದ ಮೇಲೂ, ಬಂದೂಕುದಾರರನ್ನು ಕೂಡಿಸಿ ಮೇಲಿನ ಗುರುತುಗಳನ್ನು ನೋಡಿಕೊಳ್ಳುವಂತೆ ಹೇಳುವುದು ಒಳ್ಳೆಯದು. ಹಂದಿ ತಿಂದ ಕಬ್ಬು ಮರುವರ್ಷ ಬೆಳೆದೀತು. ಹೋದ ಕಣ್ಣು, ಹೋದ ಕೈ ಮರಳಿ ಬಾರವು.